ಎಂಜಿನ್ ಆರಿಸಿ ಹೇಳಿದ ಮಾತು

ಕಳೆದ ವಾರ ಅಮೀರ್‌ಪೇಟ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಕೋಚಿಂಗ್ ಮುಗಿಸಿದ ಹುಡುಗಿಯರು ಪುಸ್ತಕಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಹಾಸ್ಟೆಲ್‌ಗಳ ಕಡೆಗೆ ಓಡುತ್ತಿದ್ದರು. ಅಷ್ಟರಲ್ಲಿ ಎದುರಿನ ಗಲ್ಲಿಯ ಬಾಯಿಗೆ ತಲೆಯ ಮೇಲೆ ಮೈಕು ಕಟ್ಟಿಕೊಂಡ ಒಂದು ಆಟೋ ಬಂದು ನಿಂತಿತು. ಡ್ರೈವರ್ ಮೊದಲು ಎಂಜಿನ್ ಆರಿಸಿದ. ಆಮೇಲೆ ಗುಂಡಿ ಒತ್ತಿದ. ಒಬ್ಬ ಹೆಣ್ಣುಮಗಳ ದನಿ ತೆಲುಗಿನಲ್ಲಿ, ಆಮೇಲೆ ಉರ್ದುವಿನಲ್ಲಿ, ನಾಳೆ ಪೈಪು ರಿಪೇರಿ ಇರುವುದರಿಂದ ಬೆಳಿಗ್ಗೆ ನೀರು ಬರುವುದಿಲ್ಲ ಎಂದು ಹೇಳಿತು. ಮಾತು ಮುಗಿದ ಮೇಲೂ ಡ್ರೈವರ್ ಹೊರಡಲಿಲ್ಲ. ಎಡಕ್ಕೂ ಬಲಕ್ಕೂ ನೋಡುತ್ತಾ ಕೂತ. ಮೇಲಿನ ಮಹಡಿಯಿಂದ ಒಬ್ಬ ಮುದುಕರು ಏನೋ ಕೇಳಿದರು. ಅವನು ಕತ್ತು ಹೊರಹಾಕಿ ಉತ್ತರ ಕೊಟ್ಟ. ಆಮೇಲೆ ಗಾಡಿ ಶುರುಮಾಡಿದ.

ನನ್ನ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಮೈಕಿನ ದನಿ ನನ್ನದಾಗಿರಲಿಲ್ಲ. ಆದರೆ ಮಾತಿಗೆ ಮೊದಲು ಎಂಜಿನ್ ಆರಿಸುವ, ಮಾತಿನ ನಂತರ ಕಾಯುವ ಆ ಪದ್ಧತಿ ಎಲ್ಲಿ ಶುರುವಾಯಿತೆಂದು ನನಗೆ ಗೊತ್ತಿದೆ. ಇದೇ ನಗರದ ಜೀಡಿಮೆಟ್ಲಾದಲ್ಲಿ, ಕಾರ್ಖಾನೆಗಳ ಹಿಂದಿನ ಒಂದು ಬಸ್ತಿಯಲ್ಲಿ, ಅಂದರೆ ಕೂಲಿಕಾರರ ಕೇರಿಯಲ್ಲಿ, ಒಂದು ಮಳೆಗಾಲದಲ್ಲಿ. ಆ ಬಸ್ತಿಯ ಹೆಸರು ಇಲ್ಲಿ ಬೇಡ. ಅಲ್ಲಿಯವರು ಓದಿದರೆ ಅವರಿಗೆ ತಿಳಿಯುತ್ತದೆ.

ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಿದ್ದಿದ್ದೆ. ನೀರು ಸರಬರಾಜಿನ ಒಂದು ವಿಭಾಗ ಕಚೇರಿಯಲ್ಲಿ ಸಂಪರ್ಕ ಸಹಾಯಕಿ ಎಂಬ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಪತ್ರಿಕೆಗಳಿಗೆ ಟಿಪ್ಪಣಿ ಕಳಿಸುವುದು, ದೂರು ತಂದವರನ್ನು ಸರಿಯಾದ ಮೇಜಿಗೆ ದಾಟಿಸುವುದು, ಇಂಥವು. ಸರ್ಕಾರ ಜನರ ಬಳಿಗೇ ಹೋಗಬೇಕು, ಅಧಿಕಾರಿಗಳು ಶಾಮಿಯಾನದ ಕೆಳಗೆ ಕೂತು ಪ್ರಶ್ನೆ ಎದುರಿಸಬೇಕು ಎಂಬ ಹುಮ್ಮಸ್ಸಿನ ಕಾಲ ಅದು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದ ನಮ್ಮ ಕಚೇರಿಯೊಳಗೂ ಆ ಹುಮ್ಮಸ್ಸು ಸುತ್ತೋಲೆಗಳ ರೂಪದಲ್ಲಿ ಬಂದು ಬೀಳುತ್ತಿತ್ತು.

ವಿಭಾಗದ ಎಂಜಿನಿಯರ್ ದೇಸಾಯಿ ಸರ್. ಗುಲಬರ್ಗಾ ಕಡೆಯಿಂದ ಬಂದ ಮನೆತನ. ನಮ್ಮದು ರಾಯಚೂರು ಕಡೆಯದು. ಅಜ್ಜನ ಕಾಲಕ್ಕೇ ನೌಕರಿಗೆಂದು ಈ ನಗರಕ್ಕೆ ಬಂದು ನಾರಾಯಣಗೂಡದಲ್ಲಿ ನೆಲೆನಿಂತವರು. ದೇಸಾಯಿ ಸರ್ ಎಲ್ಲರೆದುರು ನನ್ನೊಡನೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಬಾಗಿಲು ಮುಚ್ಚಿದ ಕೂಡಲೇ ಕನ್ನಡ. ಬೈಗುಳವಿದ್ದರಂತೂ ಕಡ್ಡಾಯವಾಗಿ ಕನ್ನಡ.

ಆಟೋದ ಮೈಕಿನಲ್ಲಿ ಹಾಕುವ ಪ್ರಕಟಣೆಯ ಕ್ಯಾಸೆಟ್ಟಿಗೆ ನನ್ನ ದನಿ ಹೋದದ್ದು ಅವರಿಂದಲೇ. ಪ್ರಕಟಣೆ ಓದುತ್ತಿದ್ದ ಗುಮಾಸ್ತರಿಗೆ ಗಂಟಲು ಕಟ್ಟಿತ್ತು. "ವಸುಧಾ, ನೀ ಓದವಾ. ನಿನ್ನ ತೆಲುಗು ಭಾಳ ಸ್ವಚ್ಛ ಐತಿ," ಎಂದರು. ಮನೆಯ ಹೊರಗೆ ಕಲಿತ ಭಾಷೆಯಾದ್ದರಿಂದ ನಾನು ತೆಲುಗನ್ನೂ ಉರ್ದುವನ್ನೂ ಅಕ್ಷರ ಅಕ್ಷರ ಬಿಡಿಸಿ ಮಾತಾಡುತ್ತಿದ್ದೆ, ಅಷ್ಟೇ. ಹಳೆಯ ವಾಲ್ವ್‌ಗಳನ್ನು ಪೇರಿಸಿದ್ದ ಸ್ಟೋರ್ ರೂಮಿನಲ್ಲಿ ಫ್ಯಾನ್ ನಿಲ್ಲಿಸಿ, ಬೆವರುತ್ತಾ ಓದಿದೆ. ಮನೆಯಲ್ಲಿ ಅತ್ತೆಗೆ, ಅಂದರೆ ನಮ್ಮೊಡನೆಯೇ ಇರುವ ಅಪ್ಪನ ಅಕ್ಕನಿಗೆ, ಇದು ತಿಳಿದು ನಗುವೋ ನಗು. "ಮನ್ಯಾಗ ಕರದ್ರ 'ಓ' ಅನ್ನಂಗಿಲ್ಲ ಈ ಹುಡುಗಿ. ಈಗ ಊರ ಮುಂದ ಮೈಕಿನ್ಯಾಗ ಹೇಳಾಕತ್ತಾಳ!"

ನಾನು ಕಡಿಮೆ ಮಾತಿನವಳು ಎಂಬುದು ನಿಜ. ದನಿ ಮಾತ್ರ ಹೋಗಿ ಮುಖ ಮನೆಯಲ್ಲಿರುವ ಆ ಏರ್ಪಾಡು ನನಗೆ ಹಿಡಿಸಿತ್ತು.

ಮಳೆ ಹಿಡಿದ ಮೊದಲ ವಾರವೇ ಆ ಬಸ್ತಿಯಿಂದ ದೂರು ಬಂತು. ನಲ್ಲಿ ನೀರು ವಾಸನೆ ಹೊಡೆಯುತ್ತಿದೆ ಎಂದು. ದೇಸಾಯಿ ಸರ್ ಹಿಂದಿನ ಪರೀಕ್ಷೆಯ ವರದಿ ತೆಗೆದು ನೋಡಿದರು. ಚೆನ್ನಾಗಿಯೇ ಇತ್ತು. ಹೊಸ ಪರೀಕ್ಷೆಗೆ ನೀರು ಕಳಿಸಿದರು. ಉತ್ತರ ಬರುವವರೆಗೆ ಜನ ಗಾಬರಿಯಾಗದಿರಲಿ ಎಂದು ಪ್ರಕಟಣೆ ಬರೆಸಿದರು. ಗೌರವಾನ್ವಿತ ನಾಗರಿಕರೇ ಎಂದು ಶುರುವಾಗಿ, ವದಂತಿಗಳನ್ನು ನಂಬಬೇಡಿ ಎಂದು ಮುಂದುವರಿದು, ನೀರು ಸುರಕ್ಷಿತವಾಗಿದೆ ಎಂದು ಭರವಸೆ ಕೊಟ್ಟು, ಕೊನೆಯಲ್ಲಿ 'ಮುಂಜಾಗ್ರತೆಗಾಗಿ ಕಾಯಿಸಿ ಆರಿಸಿ ಕುಡಿಯಿರಿ' ಎಂದು ಮುಗಿಯುತ್ತಿತ್ತು. ಬರೆದವರು ಕಚೇರಿಯವರು, ಓದಿದವಳು ನಾನು. ಆಟೋದ ಖಾಜಾ ಭಾಯ್ ಎಂದಿನಂತೆ ಬಸ್ತಿಯನ್ನು ಒಂದು ಸುತ್ತು ಹಾಕಿ ಬಂದರು.

ಕೆಲವೇ ದಿನಗಳಲ್ಲಿ ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಹೊಸ ವರದಿಯೂ ಬಂತು. ನೀರು ಕೆಟ್ಟಿತ್ತು. ಚರಂಡಿ ದಾಟುವ ಜಾಗದಲ್ಲಿ ಹಳೆಯ ಪೈಪಿನ ಕೀಲು ಬಿಟ್ಟಿತ್ತು. ಕೀಲು ಬಿಗಿಸಿ, ಲೈನು ತೊಳೆದು, ಮತ್ತೆ ಪರೀಕ್ಷೆಗೆ ಕಳಿಸಿ, ಟ್ಯಾಂಕರ್ ನೀರು ಶುರುಮಾಡಿದರು. ಟ್ಯಾಂಕರ್ ಬಂದರೆ ಯುದ್ಧವೇ. ಕೊಡಗಳ ಸಾಲು ಮುರಿಯುತ್ತಿತ್ತು, ಕೂದಲು ಕೈಗೆ ಬರುತ್ತಿತ್ತು. ಕೊನೆಯ ಹನಿಯವರೆಗೂ ಹಿಂಡಿಸಿಕೊಂಡು ಟ್ಯಾಂಕರ್ ಖಾಲಿ ಡಬ್ಬದಂತೆ ಗಡಗಡ ಸದ್ದು ಮಾಡುತ್ತಾ ಕಚೇರಿಯ ಅಂಗಳಕ್ಕೆ ವಾಪಸಾಗುತ್ತಿತ್ತು.

ಸುತ್ತೋಲೆಯ ಪ್ರಕಾರ ಬಸ್ತಿಯ ಶಾಲೆಯ ಬಯಲಲ್ಲಿ ಸಭೆ ನಡೆಯಿತು. ಶಾಮಿಯಾನದ ಹೊಟ್ಟೆಯಲ್ಲಿ ಮಳೆ ನೀರು ತುಂಬಿ ಜೋತಾಡುತ್ತಿತ್ತು. ಯಾರೋ ಆಗಾಗ ಕೋಲಿನಿಂದ ತಿವಿದು ಸುರಿಸುತ್ತಿದ್ದರು. ದೇಸಾಯಿ ಸರ್ ಕೀಲು, ಕ್ಲೋರಿನ್, ಒತ್ತಡ ಎಂದೆಲ್ಲ ವಿವರಿಸಿದರು. ಜನ ಕೇಳಲಿಲ್ಲ. ಗದ್ದಲ ಹೆಚ್ಚಿದಾಗ ಅವರು ನನಗೆ ಸನ್ನೆ ಮಾಡಿದರು. ನಾನು ಎದ್ದುನಿಂತು, "ದಯವಿಟ್ಟು ಒಬ್ಬೊಬ್ಬರಾಗಿ ಮಾತಾಡಿ," ಎಂದು ತೆಲುಗಿನಲ್ಲಿ ಹೇಳಿದೆ.

ಇಡೀ ಬಯಲು ಗಪ್ಪಾಯಿತು. ಆಮೇಲೆ ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು: "ಅರೆ, ಯೇ ತೋ ವಹೀ ಆಟೋವಾಲೀ ಹೈ!"

ಅದೇ ಆಟೋದವಳು. ನೂರಾರು ಮುಖಗಳು ನನ್ನ ಕಡೆ ತಿರುಗಿದವು. ಕಚೇರಿ ಎಂದರೆ ಅವರಿಗೆ ಅಷ್ಟು ದಿನ ಒಂದು ದನಿ. ಆ ದನಿಗೆ ಈಗ ಮುಖ ಸಿಕ್ಕಿತ್ತು.

ಮುಂದಿನ ಸಾಲಿನಿಂದ ಒಬ್ಬಾಕೆ ಎದ್ದರು. ಹೆಸರು ನಾಗಮ್ಮ ಎಂದು ಆಮೇಲೆ ತಿಳಿಯಿತು. ಬೀದರ್ ಕಡೆಯವರು, ಔಷಧಿ ಕಾರ್ಖಾನೆಯೊಂದರಲ್ಲಿ ಬಾಟಲಿ ತೊಳೆಯುವ ಕೆಲಸ. ದೇಸಾಯಿ ಸರ್ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಏನೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಿದ್ದರೇನೋ, ನಾಗಮ್ಮ ನೇರ ಕನ್ನಡಕ್ಕೇ ಇಳಿದರು.

"ಏ ಬಾಯಿ, ನಿಮ್ಮ ಆಟೋ ನಮ್ಮ ಓಣ್ಯಾಗ 'ನೀರು ಚೊಲೋ ಅದಾವ' ಅಂತು. ಮುಂದ ಓಡಿಹೋತು. ಹಿಂದಿನ ಓಣ್ಯಾಗ 'ಕಾಸಿ ಕುಡೀರಿ' ಅಂತು. ಅವರ ಮಕ್ಕಳು ಆಟ ಆಡಾಕತ್ತಾವ. ನನ್ನ ಮಮ್ಮಗ ದವಾಖಾನ್ಯಾಗ ಮಲಗ್ಯಾನ. ಸರಕಾರ ಓಣಿಗೊಂದು ಮಾತು ಹೇಳತೈತೇನು?"

ಏನಾಗಿತ್ತೆಂದು ನನಗೆ ಆಗ ಹೊಳೆಯಿತು. ಕ್ಯಾಸೆಟ್ಟು ತಿರುಗುತ್ತಿತ್ತು, ಆಟೋ ಓಡುತ್ತಿತ್ತು. ಮೊದಲ ಓಣಿಗೆ ಗೌರವಾನ್ವಿತ ನಾಗರಿಕರು ಬಿದ್ದಿದ್ದರು, ಎರಡನೆಯದಕ್ಕೆ ವದಂತಿ, ನಾಗಮ್ಮನ ಓಣಿಗೆ ಭರವಸೆ, ಅದರ ಹಿಂದಿನ, ಬಯಲ ಪಕ್ಕದ ಓಣಿಗೆ ಮಾತ್ರ ಕಾಯಿಸುವ ಮಾತು. ಉರ್ದು ಶುರುವಾಗುವ ಹೊತ್ತಿಗೆ ಆಟೋ ತೆಲುಗಿನವರ ಮನೆಗಳ ಮುಂದಿತ್ತು. ನಾವು ಹೇಳಿದ್ದೆವು. ಅವರು ಕೇಳಿಸಿಕೊಂಡಿರಲಿಲ್ಲ. ಕಚೇರಿಯಲ್ಲಿ 'ಪ್ರಕಟಣೆ ಹೊರಡಿಸಲಾಗಿದೆ' ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

"ಇವತ್ತ ನಳದಾಗ ಬರೋ ನೀರು ಕುಡೀಬಹುದೇನು? ಅಷ್ಟ ಹೇಳು. ನೀನ ಹೇಳು, ನಿಮ್ಮ ಸಾಹೇಬ ಬ್ಯಾಡ," ಎಂದರು ನಾಗಮ್ಮ.

ಕೀಲು ಸರಿಪಡಿಸಿ ಆಗಿತ್ತು. ಆದರೆ ಪರೀಕ್ಷೆಯ ಉತ್ತರ ಬಂದಿರಲಿಲ್ಲ. ಕಚೇರಿಯವರು ನನ್ನ ಕೈಗೆ ಕೊಟ್ಟಿದ್ದ ಟಿಪ್ಪಣಿಯಲ್ಲಿ 'ಪರಿಸ್ಥಿತಿ ಹತೋಟಿಯಲ್ಲಿದೆ' ಎಂದು ಬರೆದಿತ್ತು. ನಾನು ಟಿಪ್ಪಣಿ ನೋಡಲಿಲ್ಲ.

"ನನಗ ಗೊತ್ತಿಲ್ರಿ," ಎಂದೆ. ಆಮೇಲೆ ಅದನ್ನೇ ತೆಲುಗಿನಲ್ಲಿ, ಉರ್ದುವಿನಲ್ಲಿ ಎಲ್ಲರಿಗೂ ಹೇಳಿದೆ. "ನೀರು ಪರೀಕ್ಷೆಗೆ ಹೋಗಿದೆ. ಉತ್ತರ ಬಂದಿಲ್ಲ. ಬರುವ ತನಕ ಕುಡಿಯಬೇಡಿ, ಟ್ಯಾಂಕರ್ ನೀರನ್ನೇ ಕುಡಿಯಿರಿ. ಉತ್ತರ ಬಂದ ದಿನ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ನಾನೇ ಬಂದು ನಿಮ್ಮ ಪ್ರತಿ ಓಣಿಯಲ್ಲೂ ಹೇಳುತ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ನಕ್ಕರು. ನಾಗಮ್ಮ ಸೆರಗು ಕೊಡವಿ, "ನೋಡೋಣ," ಎಂದು ಕೂತರು.

ಜೀಪಿನಲ್ಲಿ ಕಚೇರಿಗೆ ಬಂದು ದೇಸಾಯಿ ಸರ್ ಬಾಗಿಲು ಮುಚ್ಚಿದರು.

"ಏನವಾ, ನನ್ನ ಒಂದ ಮಾತು ಕೇಳದ 'ಗೊತ್ತಿಲ್ಲ' ಅಂದುಬಿಟ್ಟೆಲ್ಲ! ಇಷ್ಟು ವರ್ಷದ ನೌಕರಿಯೊಳಗ ನಾ ಒಮ್ಮಿನೂ ಆ ಮಾತು ಆಡಿಲ್ಲ."

"ಯಾವಾಗಲೂ ಗೊತ್ತಿರತಿತ್ತೇನ್ರಿ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿರತಿರಲಿಲ್ಲ, ಖರೆ. ಆದ್ರ ಆಡಿಲ್ಲ."

ಮರುದಿನ ತೆಲುಗು ಪತ್ರಿಕೆಯೊಂದರ ಒಳಪುಟದಲ್ಲಿ, ನೀರಿನ ಬಗ್ಗೆ ಕಚೇರಿಗೇ ಗೊತ್ತಿಲ್ಲವಂತೆ ಎಂದು ಸುದ್ದಿ ಬಂತು. ಬರೆದದ್ದು ಸುಳ್ಳೇನಲ್ಲ. ಕಚೇರಿ ತೆರೆಯುತ್ತಿದ್ದಂತೆ ಮೇಲಿನವರ ಫೋನು. ದೇಸಾಯಿ ಸರ್‌ಗೆ ಒಂದು ಅಭ್ಯಾಸವಿತ್ತು. ಮುಖ್ಯ ಕಚೇರಿಯ ಫೋನು ಬಂದರೆ ಎದ್ದುನಿಂತೇ ಮಾತಾಡುವರು, ಆ ಕಡೆಯವರಿಗೆ ಕಾಣುತ್ತಿದೆಯೇನೋ ಎಂಬಂತೆ. ಅಂದೂ ಎದ್ದುನಿಂತರು. ಬಹಳ ಹೊತ್ತು "ಸರ್, ಸರ್" ಎನ್ನುತ್ತಿದ್ದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತೆಂದೇ ತಿಳಿದು ನಾನು ಬಾಗಿಲ ಬಳಿ ನಿಂತಿದ್ದೆ. ಆಗ ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಕೂತು, "ಸರ್, ಆ ಹುಡುಗಿ ಹೇಳಿದ್ದು ನನ್ನ ಕಚೇರಿಯ ಮಾತು. ಉತ್ತರ ಬಾರದೆ ಇನ್ನೊಂದು ಮಾತು ಹೇಳಿಸುವುದಕ್ಕೆ ಆಗುವುದಿಲ್ಲ," ಎಂದು ತೆಲುಗಿನಲ್ಲಿ ಹೇಳಿದರು. ಫೋನಿಟ್ಟು ನನ್ನ ಕಡೆ ನೋಡಿ, "ಹೋಗು, ಖಾಜಾಗ ಆಟೋ ತರಾಕ ಹೇಳು. ಮಾತು ಕೊಟ್ಟು ಬಂದೀಯಲ್ಲ," ಎಂದರು.

ಆ ಮಳೆಗಾಲದ ಬಗ್ಗೆ ನನಗೆ ಹೆಮ್ಮೆಯಿರುವುದು ನನ್ನ ಒಂದು ಮಾತಿಗಾಗಿ ಮಾತ್ರ ಅಲ್ಲ. ಆ ಕುರ್ಚಿಯಲ್ಲಿ ಕೂತ ಮನುಷ್ಯನಿಗಾಗಿ ಕೂಡ.

ಕ್ಯಾಸೆಟ್ಟನ್ನು ಕಚೇರಿಯಲ್ಲೇ ಬಿಟ್ಟೆ. ಪ್ರಕಟಣೆಯನ್ನು ಒಂದು ಉಸಿರಿನಷ್ಟು ಚಿಕ್ಕದಾಗಿಸಿದೆ. ಗೌರವಾನ್ವಿತ ನಾಗರಿಕರೂ ವದಂತಿಗಳೂ ಹೋದವು. ಕುಡಿಯಬೇಡಿ ಎಂಬ ಮಾತು ಮೊದಲು ಬಂತು. ಖಾಜಾ ಭಾಯ್‌ಗೆ ಪ್ರತಿ ಓಣಿಯ ಬಾಯಲ್ಲೂ ನಿಲ್ಲಿಸಿ ಎಂಜಿನ್ ಆರಿಸಬೇಕೆಂದು ಹೇಳಿದಾಗ ಅವರು ತಲೆ ಕೆರೆದುಕೊಂಡರು.

"ಮೇಡಂ, ಈ ಮಳೆಯಲ್ಲಿ ಬಂದ್ ಮಾಡಿದರೆ ಮತ್ತೆ ಶುರುವಾಗೋದು ಅಲ್ಲಾಹನ ಮರ್ಜಿ. ನೀವು ಇಳಿದು ತಳ್ಳಬೇಕಾದೀತು."

"ತಳ್ಳೋಣ," ಎಂದೆ. ತಳ್ಳಿದ್ದೂ ಉಂಟು. ಮೈಕು ಹಿಡಿದ ಸರ್ಕಾರ ಕೆಸರಲ್ಲಿ ಆಟೋ ತಳ್ಳುವುದನ್ನು ನೋಡಲು ಜನ ಬಾಗಿಲಿಗೆ ಬಂದರು. ಬಂದವರು ನಿಂತು ಕೇಳಿಸಿಕೊಂಡರು. ನಾನು ಹಾಗೆ ಯೋಜಿಸಿರಲಿಲ್ಲ, ಆದರೆ ಉಪಯೋಗವಾಯಿತು.

ಕ್ಯಾಸೆಟ್ಟಿಗೆ ಓದುವಾಗ ಎದುರಿಗೆ ವಾಲ್ವ್‌ಗಳಿದ್ದವು. ಇಲ್ಲಿ ಕೇಳುವವರಿದ್ದರು, ಮತ್ತು ಎಂಜಿನ್ ಆರಿದ್ದರಿಂದ ಅವರು ಹೇಳಿದ್ದು ನನಗೂ ಕೇಳುತ್ತಿತ್ತು. ಅದೇ ದೊಡ್ಡ ವ್ಯತ್ಯಾಸ. ಪಾತ್ರೆ ತೊಳೆಯಲು ಬಳಸಬಹುದೇ? ಬಟ್ಟೆಗೆ? ಸ್ನಾನಕ್ಕೆ? ರಮಜಾನ್ ಬಂದರೆ ಏನು ಮಾಡೋದು? ಗೊತ್ತಿದ್ದುದಕ್ಕೆ ಉತ್ತರ ಕೊಟ್ಟೆ. ಗೊತ್ತಿಲ್ಲದ್ದಕ್ಕೆ "ತೆಲೀದಮ್ಮಾ, ನಾಳೆ ಕೇಳಿಕೊಂಡು ಬರ್ತೀನಿ," ಎಂದೆ. ಮರುದಿನ ಕೇಳಿಕೊಂಡು ಹೋದೆ. ಎರಡು ಮೂರು ದಿನಗಳಲ್ಲಿ ನನಗೆ ಹೆಸರು ಬಿತ್ತು. ಆಟೋ ತಿರುವಿನಲ್ಲಿ ಕಾಣಿಸುತ್ತಲೇ ಮಕ್ಕಳು "ತೆಲೀದಮ್ಮ ಬಂದಳು!" ಎಂದು ಕೂಗುತ್ತಾ ಓಡಿಬರುತ್ತಿದ್ದವು. ಗೊತ್ತಿಲ್ಲದಮ್ಮ! ಎಂ.ಎ. ಮಾಡಿದವಳಿಗೆ ಸಿಕ್ಕ ಬಿರುದು. ಮನೆಯಲ್ಲಿ ಹೇಳಿದಾಗ ಅತ್ತೆ ಊಟದ ತಟ್ಟೆ ಬಿಟ್ಟು ನಕ್ಕರು. ನಕ್ಕಾದ ಮೇಲೆ, "ಆದ್ರೂ ಮಕ್ಕಳು ಓಡಿ ಬರತಾವಲ್ಲ, ಅಷ್ಟ ಸಾಕು," ಎಂದರು.

ಮೊದಲ ಉತ್ತರ ಬಂತು. ನೀರು ಇನ್ನೂ ಕೆಟ್ಟೇ ಇತ್ತು. ಇನ್ನೊಂದು ಕಡೆಯೂ ಎಲ್ಲೋ ಕೀಲು ಬಿಟ್ಟಿರಬೇಕು. ಅದೇ ವಾರ ಬಸ್ತಿಯಲ್ಲಿ ಸಮುದಾಯ ಭವನದ ಉದ್ಘಾಟನೆಗೆ ದೊಡ್ಡವರೊಬ್ಬರು ಬರುವವರಿದ್ದರು. ನೀರು ಸರಿಹೋಗಿದೆ ಎಂಬ ಮಾತು ಅಷ್ಟರೊಳಗೆ ಮೈಕಿನಲ್ಲಿ ಹೋಗಿಬಿಟ್ಟರೆ ಒಳ್ಳೆಯದು ಎಂದು ಮೇಲಿನಿಂದ ಸೂಚನೆ ಬಂತು, ಬಾಯಿಮಾತಿನಲ್ಲಿ. ದೇಸಾಯಿ ಸರ್ ನನಗೆ ಅದನ್ನು ಹಾಗೆಯೇ ತಿಳಿಸಿದರು.

"ನೀವು ಏನು ಹೇಳತೀರಿ ಸರ್?"

"ನಾ ಏನ್ ಹೇಳಲಿ? ಮೈಕು ನಿನ್ನ ಕೈಯಾಗೈತಿ," ಎಂದು ಫೈಲಿನಲ್ಲಿ ತಲೆ ಹುದುಗಿಸಿದರು. ತುಟಿಯಂಚಿನಲ್ಲಿ ನಗು ಇತ್ತು.

ಅಂದು ಪ್ರತಿ ಓಣಿಯಲ್ಲೂ ಹೇಳಿದೆ: ಉತ್ತರ ಬಂದಿದೆ, ನೀರು ಇನ್ನೂ ಸರಿಯಿಲ್ಲ, ನಾವು ಸರಿಮಾಡಿದ್ದೇವೆ ಅಂದುಕೊಂಡದ್ದು ಸರಿಯಾಗಿಲ್ಲ, ಮತ್ತೆ ಅಗೆಯುತ್ತೇವೆ. ಜನ ರೇಗುತ್ತಾರೆಂದು ಕಾದೆ. ರೇಗಿದರು ಕೂಡ. ಒಬ್ಬ ಮುದುಕರು ಉರ್ದುವಿನಲ್ಲಿ ನಮ್ಮ ಕಚೇರಿಯ ಏಳು ತಲೆಮಾರುಗಳನ್ನು ಸಾವಕಾಶವಾಗಿ ಬೈದರು. ಖಾಜಾ ಭಾಯ್ ಪೂರ್ತಿ ಕೇಳಿಸಿಕೊಂಡು, "ಮುಗಿಯಿತೇ ಚಾಚಾ? ಮುಂದಿನ ಗಲ್ಲಿಗೆ ಹೋಗಲೇ?" ಎಂದರು. ಮುದುಕರೂ ನಕ್ಕುಬಿಟ್ಟರು. ಉದ್ಘಾಟನೆ ಮುಂದಕ್ಕೆ ಹೋಯಿತು. ಎರಡನೆಯ ಕೀಲು ಸಿಕ್ಕಿತು. ಮಳೆ ಸುರಿಯುತ್ತಿರುವಾಗಲೇ ಗುಂಡಿ ತೋಡಿ, ನೀರೆತ್ತಿ, ಪೈಪಿನ ಆ ತುಂಡನ್ನೇ ಬದಲಿಸಿದರು. ಬ್ಲೀಚಿಂಗ್ ಪುಡಿಯ ವಾಸನೆ ನನ್ನ ಬಟ್ಟೆಗಳಿಗೆ ಹತ್ತಿ, ನಾರಾಯಣಗೂಡದ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಕೊನೆಯ ಉತ್ತರ ಒಂದು ಬೆಳಿಗ್ಗೆ ಬಂತು. ನೀರು ಚೆನ್ನಾಗಿದೆ ಎಂದು. ದೇಸಾಯಿ ಸರ್ ಇನ್ನೊಮ್ಮೆ ಕಳಿಸಿ ನೋಡೋಣ ಎಂದು ತಾವೇ ತಡೆದರು. ಎರಡನೆಯ ಸಲವೂ ಅದೇ ಉತ್ತರ. ಆಗ ನನಗೆ ಭಯ ಶುರುವಾಯಿತು. ಕೆಟ್ಟ ಸುದ್ದಿಯನ್ನು ಜನ ನಂಬಿದ್ದರು. ಒಳ್ಳೆಯ ಸುದ್ದಿಯನ್ನು ನಂಬುವರೇ? ಇದೇ ದನಿ, ಇದೇ 'ನೀರು ಸುರಕ್ಷಿತ' ಎಂಬ ಮಾತನ್ನು ಹಿಂದೆ ಒಮ್ಮೆ ಹೇಳಿತ್ತು.

ಓಣಿಯ ಬಾಯಲ್ಲಿ ಖಾಜಾ ಭಾಯ್ ಎಂಜಿನ್ ಆರಿಸಿದರು. ಮಳೆ ಇರಲಿಲ್ಲ. "ಹಿಂದೆ ನಾನು ಹೀಗೇ ಹೇಳಿದ್ದೆ, ಅದು ತಪ್ಪಾಗಿತ್ತು," ಎಂದು ಮೊದಲು ಹೇಳಿದೆ. "ಈಗ ಎರಡು ಸಲ ಪರೀಕ್ಷೆ ಆಗಿದೆ. ಇವತ್ತಿನಿಂದ ನಲ್ಲಿ ನೀರು ಕುಡಿಯಬಹುದು." ಮೂರು ಸಲ ಹೇಳಿದೆ. ಕಾದೆ. ಅಂದು ಯಾರೂ ಏನೂ ಕೇಳಲಿಲ್ಲ. ನಾಗಮ್ಮ ಬಾಗಿಲಲ್ಲಿ ನಿಂತಿದ್ದರು. ದವಾಖಾನೆಯಿಂದ ಬಂದ ಮೊಮ್ಮಗ ಅವರ ಸೊಂಟದ ಮೇಲಿದ್ದ. ಅವರು ನನ್ನನ್ನು ನೋಡಿ ಒಳಗೆ ಹೋದರು. ಎಲ್ಲ ಓಣಿಗಳಲ್ಲೂ ಹಾಗೆಯೇ ಆಯಿತು.

ಕಚೇರಿಗೆ ಬಂದು ಕೂತೆ. ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಜನರಿಗೆ ಅಭ್ಯಾಸವಾಗುವ ತನಕ ಇರಲಿ ಎಂದು ಟ್ಯಾಂಕರನ್ನು ಅಂದೂ ಎಂದಿನಂತೆ ಬಸ್ತಿಗೆ ಕಳಿಸಿದ್ದರು. ಅದು ವಾಪಸಾಗುವ ಹೊತ್ತು ಮೀರಿತ್ತು.

ಸಂಜೆಯ ಕಡೆಗೆ ಗೇಟು ತೆರೆದ ಸದ್ದಾಯಿತು. ನಾನು ಗಡಗಡ ಸದ್ದಿಗಾಗಿ ಕಿವಿಗೊಟ್ಟಿದ್ದೆ. ಆ ಸದ್ದು ಬರಲಿಲ್ಲ. ದೇಸಾಯಿ ಸರ್ ಕಿಟಕಿಯ ಬಳಿ ನಿಂತಿದ್ದರು. "ವಸುಧಾ," ಎಂದು ಕರೆದರು. ಬಾಗಿಲು ತೆರೆದೇ ಇತ್ತು, ಹೊರಗೆ ಗುಮಾಸ್ತರಿದ್ದರು. ಆದರೂ ಕನ್ನಡದಲ್ಲೇ ಕರೆದರು. "ಬಾರವಾ, ಇಲ್ಲಿ ನೋಡು."

ಟ್ಯಾಂಕರ್ ಅಂಗಳದಲ್ಲಿ ಮೆಲ್ಲಗೆ, ಭಾರ ಹೊತ್ತ ಬಸುರಿಯಂತೆ, ತಿರುಗುತ್ತಿತ್ತು. ಪ್ರತಿ ಕುಲುಕಿಗೂ ಮುಚ್ಚಳದ ಸಂದಿಯಿಂದ ನೀರು ತುಳುಕಿ ಪಕ್ಕೆಗುಂಟ ಇಳಿಯುತ್ತಿತ್ತು. ಡ್ರೈವರ್ ಇಳಿದವನೇ ಕಿಟಕಿಯ ಕಡೆ ಮುಖ ಮಾಡಿ ತೆಲುಗಿನಲ್ಲಿ ದೂರು ಹೇಳತೊಡಗಿದ: ಮಧ್ಯಾಹ್ನವೆಲ್ಲ ನಿಂತಿದ್ದೆ ಸರ್, ಒಂದು ಕೊಡವೂ ಬರಲಿಲ್ಲ, ತೆಲೀದಮ್ಮ ಹೇಳಿಹೋಗಿದ್ದಾಳೆ, ನೀನು ವಾಪಸ್ ಹೋಗು ಅಂದರು.